ಹೆರಿಗೆ ಆದ ಮೇಲೆ ತಾಯಿಯನ್ನೂ ಕೇಳಿ: ಕೊಡಗಿನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ, ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇನೆ. ನಮ್ಮ ಜಿಲ್ಲೆಯಲ್ಲಿ ಹೆರಿಗೆ ಆದ ಪ್ರತಿ ಹೆಂಗಸಿಗೂ ಎರಡು ಪ್ರಶ್ನೆ ಕೇಳುವ ವ್ಯವಸ್ಥೆ ಆಗಬೇಕು. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಮೂತ್ರ ಸೋರುತ್ತದಾ? ಕೆಳಗೆ ಭಾರ ಆದ ಹಾಗೆ, ಏನೋ ಇಳಿದು ಬಂದ ಹಾಗೆ ಅನ್ನಿಸುತ್ತದಾ? ಇಷ್ಟೇ. ಇದಕ್ಕೆ ಯಂತ್ರ ಬೇಡ, ಹೊಸ ಕಟ್ಟಡ ಬೇಡ. ಆಶಾ ಕಾರ್ಯಕರ್ತೆಯರು ಹೇಗೂ ಬಾಣಂತಿ ಮನೆಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆ ಆದರೆ 3, 7, 14, 21, 28 ಮತ್ತು 42ನೇ ದಿನ ಅಂತ ಆರು ಸಲ ಬರಬೇಕೆಂಬ ನಿಯಮವೇ ಇದೆ. ಮಗುವಿನ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಎದೆಹಾಲು ಸಾಲುತ್ತದಾ ಕೇಳುತ್ತಾರೆ, ತಾಯಿಗೆ ರಕ್ತಸ್ರಾವ ಜಾಸ್ತಿ ಇದೆಯಾ ಅಂತಲೂ ಕೇಳುತ್ತಾರೆ. ಅವರ ಮೇಲೆ ನನಗೆ ತುಂಬ ಗೌರವ ಇದೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ತೋಟದೊಳಗಿನ ಕೂಲಿಯವರ ಲೈನ್ ಮನೆ ತನಕ ನಡೆದು ಬರುವವರು ಅವರೇ. ಆದರೆ ನಾನು ಕಂಡ ಮಟ್ಟಿಗೆ ಮೇಲಿನ ಎರಡು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಕೇಳದೆ ಇದ್ದರೆ ಹೆಂಗಸರು ಹೇಳುವುದಿಲ್ಲ. ಹತ್ತು ವರ್ಷ ಆದರೂ ಹೇಳುವುದಿಲ್ಲ.

ಇದನ್ನು ಸುಮ್ನೆ ಒಂದು ಅರ್ಜಿಯಾಗಿ ಕಚೇರಿಗೆ ಕೊಡಬಹುದಿತ್ತು. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ನಿಮ್ಮ ಜೊತೆಗೆ ಇದು ನಮ್ಮ ಮನೆಗಳ ಹೆಂಗಸರಿಗೂ, ಅವರ ಗಂಡಂದಿರಿಗೂ, ಅತ್ತೆಯಂದಿರಿಗೂ ತಲುಪಬೇಕು.

ನಾನು ಗೋಣಿಕೊಪ್ಪ ಕಡೆಯವಳು. ಸ್ವಲ್ಪ ಕಾಫಿ ತೋಟ ಇದೆ, ಇಬ್ಬರು ಮಕ್ಕಳಿದ್ದಾರೆ. ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಎರಡನೇ ಹೆರಿಗೆ ಆದ ಮೇಲೆ ನನಗೂ ಈ ತೊಂದರೆ ಶುರುವಾಯಿತು. ಜೋರಾಗಿ ನಕ್ಕರೆ ಬಟ್ಟೆ ಒದ್ದೆ. ಮದುವೆ ಮನೆಗೆ ಹೋಗಲು ಹೆದರಿಕೆ, ವಾಲಗಕ್ಕೆ ಎಲ್ಲರೂ ಕುಣಿಯುವಾಗ ನಾನು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಒಂದು ಕಡೆ ತೋರಿಸಿದೆ. ಮಕ್ಕಳಾದ ಮೇಲೆ ಇದೆಲ್ಲ ಇದ್ದದ್ದೇ, ಪ್ಯಾಡ್ ಹಾಕಿಕೊಳ್ಳಿ ಅಂದರು. ಕೊನೆಗೆ ಮೈಸೂರಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಸಿಕ್ಕಿದರು. ಅವರು ಮಾತ್ರೆ ಕೊಡಲಿಲ್ಲ, ಆಪರೇಷನ್ ಅನ್ನಲಿಲ್ಲ. ಯಾವ ಸ್ನಾಯು, ಅದನ್ನು ಹೇಗೆ ಬಿಗಿ ಹಿಡಿಯಬೇಕು, ಹೇಗೆ ಬಿಡಬೇಕು ಅಂತ ಕೂರಿಸಿ ಕಲಿಸಿದರು. ತಿಂಗಳುಗಟ್ಟಲೆ ಮಾಡಿದೆ. ಕಡಿಮೆಯಾಯಿತು. ನನಗೆ ಕಾರು ಇತ್ತು, ದುಡ್ಡು ಇತ್ತು, ಜೊತೆಗೆ ಬರಲು ಗಂಡ ಇದ್ದರು. ನಮ್ಮ ತೋಟಕ್ಕೆ ಕುಯ್ಲಿಗೆ ಬರುವ ಹೆಂಗಸಿಗೆ ಈ ಮೂರರಲ್ಲಿ ಒಂದೂ ಇಲ್ಲ. ಅದಕ್ಕೇ ಈ ಪತ್ರ.

ಮೊದಲು ಆ ಸ್ನಾಯು ಯಾವುದು ಅಂತ ಹೇಳುತ್ತೇನೆ. ನಿಮಗೆ ಗೊತ್ತಿರುತ್ತದೆ, ಓದುವವರಿಗಾಗಿ ಬರೆಯುತ್ತಿದ್ದೇನೆ. ಮುಂದೆ ಇರುವ ಗುಹ್ಯದ ಮೂಳೆಯಿಂದ ಹಿಂದೆ ಬೆನ್ನುಮೂಳೆಯ ತುದಿಯ ಬಾಲದ ಮೂಳೆ ತನಕ ಒಂದಿಷ್ಟು ಸ್ನಾಯುಗಳು ಜೋಲಿ ಕಟ್ಟಿದ ಹಾಗೆ ಹಬ್ಬಿವೆ. ಡಾಕ್ಟರುಗಳು ಪೆಲ್ವಿಕ್ ಫ್ಲೋರ್ ಅನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಮಲದ ಚೀಲ ಮೂರೂ ಅದರ ಮೇಲೆ ಕೂತಿವೆ. ಮೂತ್ರದ ದಾರಿ, ಯೋನಿ, ಮಲದ ದಾರಿ ಅದರ ನಡುವೆಯೇ ಹಾದು ಹೋಗುತ್ತವೆ. ಕೆಮ್ಮಿದಾಗ ಹೊಟ್ಟೆಯೊಳಗಿನ ಒತ್ತಡ ಕೆಳಗೆ ಬೀಳುತ್ತದಲ್ಲ, ಆಗ ಈ ಸ್ನಾಯು ತಾನಾಗಿ ಬಿಗಿಯಾಗಿ ಎಲ್ಲವನ್ನೂ ತಡೆದು ಹಿಡಿಯಬೇಕು. ಸಾಮಾನ್ಯ ಹೆರಿಗೆಯಲ್ಲಿ ಮಗುವಿನ ತಲೆ ಹೊರಗೆ ಬರುವಾಗ ಇದರ ಒಳಭಾಗ ತನ್ನ ಉದ್ದದ ಮೂರು ಪಟ್ಟಿನಷ್ಟು ಎಳೆದುಕೊಳ್ಳುತ್ತದೆ ಅಂತ ಲೆಕ್ಕ ಹಾಕಿದ್ದಾರೆ. ಮೈಯ ಬೇರೆ ಯಾವ ಸ್ನಾಯು ಅಷ್ಟು ಎಳೆದರೆ ಉಳಿಯುತ್ತದೆ ಹೇಳಿ! ಬಹಳ ಹೆಂಗಸರಲ್ಲಿ ಇದು ಕೆಲವು ತಿಂಗಳಲ್ಲಿ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಕೆಲವರಲ್ಲಿ ಮೂಳೆಗೆ ಅಂಟಿದ ಜಾಗದಲ್ಲೇ ಕಿತ್ತು ಬಂದಿರುತ್ತದೆ. ಫೋರ್ಸೆಪ್ಸ್ ಅನ್ನುವ ಇಕ್ಕಳ ಹಾಕಿ ಎಳೆದ ಹೆರಿಗೆ, ದೊಡ್ಡ ಮಗು, ಆಳವಾಗಿ ಹರಿದದ್ದು, ಇವೆಲ್ಲ ಇದ್ದರೆ ಆ ಸಾಧ್ಯತೆ ಜಾಸ್ತಿ. ಸಿಸೇರಿಯನ್ ಆದವರಿಗೆ ಈ ಅಪಾಯ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ, ಒಂಬತ್ತು ತಿಂಗಳು ಆ ಭಾರ ಹೊತ್ತದ್ದು ಇದೇ ಸ್ನಾಯು ತಾನೇ.

ಈ ಸ್ನಾಯು ಸೋತರೆ ತೊಂದರೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಒಬ್ಬಳಿಗೆ ಮೂತ್ರ ಸೋರುತ್ತದೆ. ಇನ್ನೊಬ್ಬಳಿಗೆ ಗ್ಯಾಸ್ ತಡೆಯಲು ಆಗುವುದಿಲ್ಲ, ಕೆಲವೊಮ್ಮೆ ಮಲವೂ. ಮತ್ತೊಬ್ಬಳಿಗೆ ಸಂಜೆ ಹೊತ್ತಿಗೆ ಕೆಳಗೆ ಎಳೆದ ಹಾಗೆ, ಮಲಗಿದರೆ ಸಮಾಧಾನ, ಎದ್ದು ಓಡಾಡಿದರೆ ಮತ್ತೆ ಅದೇ. ಸ್ನಾನ ಮಾಡುವಾಗ ಕೈಗೆ ಏನೋ ಉಬ್ಬು ಸಿಗುತ್ತದೆ, ಅದು ಗರ್ಭಕೋಶವೋ ಮೂತ್ರಕೋಶವೋ ಜಾರಿರುವುದು. ಇನ್ನು ಕೆಲವರಿಗೆ ಯೋನಿ ಸಡಿಲವಾದ ಹಾಗೆ ಅನ್ನಿಸುತ್ತದೆ. ಗಂಡನ ಜೊತೆ ಕೂಡುವಾಗ ಮೊದಲಿನ ಹಾಗೆ ಸ್ಪರ್ಶ ಗೊತ್ತಾಗುವುದಿಲ್ಲ, ಗಾಳಿ ಹೋಗಿ ಶಬ್ದ ಬರುತ್ತದೆ, ಸ್ನಾನದ ನೀರು ಒಳಗೆ ಹೋಗಿ ಆಮೇಲೆ ಹೊರಗೆ ಬರುತ್ತದೆ. ಇದನ್ನು ಬರೆಯಲು ನನಗೂ ಸಂಕೋಚ ಆಗುತ್ತಿದೆ. ಆದರೆ ಬರೆಯದೆ ಇದ್ದರೆ ಓದುವವಳಿಗೆ ಇದು ತನ್ನ ಕಥೆಯೇ ಅಂತ ಹೇಗೆ ತಿಳಿಯಬೇಕು?

ಸಡಿಲ ಅನ್ನುವ ವಿಷಯದ ಹತ್ತಿರ ಸ್ವಲ್ಪ ನಿಲ್ಲುತ್ತೇನೆ. ನಮ್ಮ ಹೆಂಗಸರನ್ನು ಅತಿ ಹೆಚ್ಚು ನೋಯಿಸುವುದು ಇದೇ. ಮೂತ್ರ ಸೋರಿದರೆ ಕಾಯಿಲೆ ಅನ್ನುತ್ತಾರೆ. ಸಡಿಲ ಅಂದರೆ ನಡತೆಯ ಪ್ರಶ್ನೆ ಮಾಡುತ್ತಾರೆ. ಗಂಡ ರಾತ್ರಿ ಒಂದು ಮಾತು ಅಂದುಬಿಡುತ್ತಾನೆ, ಅವಳು ಅದನ್ನು ಜೀವನಪೂರ್ತಿ ಹೊತ್ತುಕೊಂಡು ತಿರುಗುತ್ತಾಳೆ. ಸತ್ಯ ಏನೆಂದರೆ ಸಂಭೋಗದಿಂದ ಯೋನಿ ಸಡಿಲ ಆಗುವುದಿಲ್ಲ. ಎಷ್ಟು ಸಲ, ಯಾರ ಜೊತೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದು ಹಿಗ್ಗಿ ಮತ್ತೆ ಮೊದಲಿನ ಹಾಗೆ ಆಗುವ ಅಂಗ. ಬದಲಾವಣೆ ತರುವುದು ಹೆರಿಗೆ, ವಯಸ್ಸು, ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನು ಕಡಿಮೆಯಾಗುವುದು, ಜೊತೆಗೆ ಈ ತಳದ ಸ್ನಾಯುವಿನ ಸೋಲು. ಇಷ್ಟು ಸಡಿಲ ಇದ್ದರೆ ಸರಿ, ಇದಕ್ಕಿಂತ ಹೆಚ್ಚಾದರೆ ತಪ್ಪು ಅನ್ನುವ ಅಳತೆಗೋಲು ವೈದ್ಯರ ಹತ್ತಿರವೂ ಇಲ್ಲ. ಅವಳಿಗೆ ತೊಂದರೆ ಅನ್ನಿಸಿದರೆ ಅದು ತೊಂದರೆ, ಅವಳಿಗೆ ಅನ್ನಿಸದಿದ್ದರೆ ಬೇರೆಯವರು ಹೇಳುವುದಕ್ಕೆ ಏನೂ ಇಲ್ಲ.

ಬೆರಳು ಹಾಕಿ ನೋಡಿ ಹೆಣ್ಣಿನ ನಡತೆ ಹೇಳುತ್ತೇವೆ ಅನ್ನುವ ಮೂಢತನ ನಮ್ಮ ದೇಶದ ಆಸ್ಪತ್ರೆಗಳಲ್ಲೇ ಬಹಳ ಕಾಲ ನಡೆಯಿತು. ಅತ್ಯಾಚಾರಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಎರಡು ಬೆರಳಿನ ಪರೀಕ್ಷೆ ಮಾಡಿ ಸಡಿಲ ಇದೆ, ಸಂಭೋಗದ ಅಭ್ಯಾಸ ಇದೆ ಅಂತ ವರದಿ ಬರೆಯುತ್ತಿದ್ದರು. ಸುಪ್ರೀಂ ಕೋರ್ಟ್ 2013ರಲ್ಲೇ ಇದನ್ನು ಖಂಡಿಸಿತ್ತು. 2022ರ ಅಕ್ಟೋಬರ್ 31ರಂದು ಇನ್ನೂ ಕಟುವಾಗಿ ಹೇಳಿತು. ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವೇ ಇಲ್ಲ, ಇನ್ನು ಮುಂದೆ ಮಾಡಿದವರು ದುರ್ನಡತೆಯ ತಪ್ಪಿತಸ್ಥರಾಗುತ್ತಾರೆ ಅಂತ. ವಿಶ್ವ ಆರೋಗ್ಯ ಸಂಸ್ಥೆ ಕೂಡ 2018ರಲ್ಲಿ ಕನ್ಯತ್ವ ಪರೀಕ್ಷೆಯನ್ನೇ ನಿಲ್ಲಿಸಿ ಅಂದಿದೆ. ಕೋರ್ಟಿನಿಂದ ಹೊರಗೆ ಹಾಕಿದ ಆ ನಂಬಿಕೆ ನಮ್ಮ ಮಲಗುವ ಕೋಣೆಗಳಲ್ಲಿ, ಬಾಣಂತಿ ಕೋಣೆಗಳಲ್ಲಿ ಇನ್ನೂ ಕೂತಿದೆ.

ಈ ನಾಚಿಕೆಯ ಮೇಲೆಯೇ ವ್ಯಾಪಾರ ನಡೆಯುತ್ತದೆ. ಫೋನ್ ತೆರೆದರೆ ಬಿಗಿ ಮಾಡುವ ಕ್ರೀಮು, ಜೆಲ್ಲು, ಮಾತ್ರೆಗಳ ಜಾಹೀರಾತು. ಅವು ಸ್ನಾಯುವನ್ನು ಮುಟ್ಟುವುದೇ ಇಲ್ಲ. ಮೇಲಿನ ಪೊರೆಯನ್ನು ಒಣಗಿಸಿ ಬಿಗಿಯಾದ ಹಾಗೆ ಅನ್ನಿಸುವಂತೆ ಮಾಡುತ್ತವೆ ಅಷ್ಟೆ. ಕೆಲವರು ಪಟಿಕ ಅರೆದು ಒಳಗೆ ಹಚ್ಚಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಉರಿ ಬರುತ್ತದೆ, ಗಾಯ ಆಗುತ್ತದೆ, ಸೋಂಕು ತಗಲುವುದು ಸುಲಭವಾಗುತ್ತದೆ. ದುಡ್ಡಿದ್ದವರಿಗೆ ದೊಡ್ಡ ಊರುಗಳಲ್ಲಿ ಲೇಸರ್ ಚಿಕಿತ್ಸೆ ಅಂತ ತೋರಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2018ರ ಜುಲೈನಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಯೋನಿಗೆ ಯೌವನ ತರುತ್ತೇವೆ ಅಂತ ಬಳಸುವ ಲೇಸರ್, ರೇಡಿಯೋ ತರಂಗದ ಯಂತ್ರಗಳಿಗೆ ಆ ಕೆಲಸಕ್ಕೆ ಅನುಮತಿ ಇಲ್ಲ, ಸುಟ್ಟ ಗಾಯ, ಕಲೆಗಟ್ಟುವುದು, ಕೂಡುವಾಗ ನೋವು, ಬಿಡದೆ ಕಾಡುವ ನೋವು ಬರಬಹುದು ಅಂತ ಅದು ಹೇಳಿತ್ತು.

ನಮ್ಮ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ವಿಶ್ರಾಂತಿ, ಬಿಸಿಬಿಸಿ ಊಟ, ಮಗುವನ್ನು ನೋಡಿಕೊಳ್ಳಲು ನಾಲ್ಕು ಕೈ. ಇದನ್ನು ನಾನು ಬಿಡಿ ಅನ್ನುವುದಿಲ್ಲ. ಆದರೆ ಹೊಟ್ಟೆಗೆ ಬಿಗಿಯಾಗಿ ಬಟ್ಟೆ ಕಟ್ಟಿದರೆ ಕೆಳಗಿನ ಸ್ನಾಯುವಿಗೆ ಬಲ ಬರುವುದಿಲ್ಲ. ಎಷ್ಟು ಬಿಸಿನೀರು ಹೊಯ್ದರೂ ಬರುವುದಿಲ್ಲ. ಇನ್ನು ಬಾಣಂತಿಗೆ ನೀರು ಕೊಡಬಾರದು ಅನ್ನುವ ಮನೆಗಳು ಇವತ್ತಿಗೂ ಇವೆ. ನೀರಿಲ್ಲದೆ ಮಲಬದ್ಧತೆ, ಮಲಬದ್ಧತೆಯಿಂದ ಮುಕ್ಕುವುದು, ಮುಕ್ಕಿದಷ್ಟೂ ಆಗಷ್ಟೇ ಹರಿದು ಹೊಲಿಗೆ ಹಾಕಿದ ಜಾಗದ ಮೇಲೆ ಒತ್ತಡ. ಅತ್ತೆಯಂದಿರೇ, ಅಮ್ಮಂದಿರೇ, ನೀರು ಕೊಡಿ.

ಈಗ ತೋಟದ ಮಾತು. ರೋಬಸ್ಟಾ ಕಾಫಿ ಕುಯ್ಲಿನ ಕಾಲದಲ್ಲಿ, ಜನವರಿಯಿಂದ ಮಾರ್ಚ್ ತನಕ ಅಂತಿಟ್ಟುಕೊಳ್ಳಿ, ನಮ್ಮ ಹೆಂಗಸರು ಬೆಳಗ್ಗೆಯಿಂದ ಸಂಜೆ ತನಕ ಇಳಿಜಾರಿನಲ್ಲಿ ನಿಂತೇ ಕೆಲಸ ಮಾಡುತ್ತಾರೆ. ಸಂಜೆ ಹಣ್ಣು ತುಂಬಿದ ಚೀಲ ತಲೆ ಮೇಲೋ ಬೆನ್ನ ಮೇಲೋ ಹೊತ್ತು ತೂಕ ಮಾಡುವ ಜಾಗಕ್ಕೆ ತರಬೇಕು. ಕಿಲೋ ಲೆಕ್ಕದಲ್ಲಿ ಕೂಲಿ ಆದರೆ ಯಾರು ಕಡಿಮೆ ಹೊರುತ್ತಾರೆ? ಕಾನೂನಿನಲ್ಲಿ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಇದೆ. ದಿನಗೂಲಿಗೆ ಇವತ್ತು ಒಂದು ತೋಟ ನಾಳೆ ಒಂದು ತೋಟ ಅಂತ ಹೋಗುವವಳಿಗೆ, ಎರವ ಬುಡಕಟ್ಟಿನವರ ಹಾಡಿಯಿಂದ ಬರುವವಳಿಗೆ, ಅಸ್ಸಾಮಿನಿಂದ ಬಂದು ಲೈನ್ ಮನೆಯಲ್ಲಿರುವವಳಿಗೆ ಆ 26 ವಾರ ಯಾರು ಕೊಡುತ್ತಾರೆ? ಮಗು ಕತ್ತು ನಿಲ್ಲಿಸುವ ಮೊದಲೇ ತಾಯಿ ಚೀಲ ಹೊರುತ್ತಿರುತ್ತಾಳೆ. ಆ ಸ್ನಾಯು ಕೂಡಿಕೊಳ್ಳಲು ಸಮಯವೇ ಸಿಗುವುದಿಲ್ಲ.

ಇನ್ನೊಂದು ವಿಷಯ, ಇದು ಹೊರಗಿನವರಿಗೆ ಹೊಳೆಯುವುದಿಲ್ಲ. ತೋಟದಲ್ಲಿ ಕೆಲಸದ ಜಾಗಕ್ಕೆ ಹತ್ತಿರ ಶೌಚಾಲಯ ಇರುವುದಿಲ್ಲ. ಗಂಡಸರ ಕಣ್ಣು ತಪ್ಪಿಸಿ ಹೋಗಬೇಕು, ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಬೇಕು. ಹಾಗಾಗಿ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ರಾತ್ರಿ ಆನೆ ಭಯ. ಕೆಲವು ಲೈನ್ ಮನೆಗಳಲ್ಲಿ ಕತ್ತಲಾದ ಮೇಲೆ ಹೊರಗೆ ಕಾಲಿಡುವ ಹಾಗಿಲ್ಲ, ಬೆಳಗಿನ ತನಕ ತಡೆದುಕೊಂಡೇ ಇರಬೇಕು. ನೀರು ಕಡಿಮೆ ಆದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶಕ್ಕೆ ಉರಿ, ಮತ್ತೆ ಮತ್ತೆ ಅವಸರ. ಜೊತೆಗೆ ಮಲಬದ್ಧತೆ. ಅದರ ಮೇಲೆ ಸೌದೆ ಒಲೆಯ ಹೊಗೆಯಿಂದ ಬರುವ ಕೆಮ್ಮು, ಜೂನ್ ಜುಲೈ ಮಳೆಯಲ್ಲಿ ವಾರಗಟ್ಟಲೆ ಬಿಡದ ಕೆಮ್ಮು. ಒಂದೊಂದು ಕೆಮ್ಮೂ ಆ ಸ್ನಾಯುವಿಗೆ ಬೀಳುವ ಪೆಟ್ಟು. ಹೀಗಾಗಿ ಶೌಚಾಲಯದ ಪ್ರಶ್ನೆಯೂ ಇಲ್ಲಿ ಗರ್ಭಕೋಶದ ಪ್ರಶ್ನೆಯೇ. ತೋಟದ ಮಾಲೀಕರಿಗೂ, ನನ್ನಂಥ ಸಣ್ಣ ಬೆಳೆಗಾರರಿಗೂ ನಾನು ಹೇಳುವುದು ಇಷ್ಟು: ಕೆಲಸದ ಜಾಗದ ಹತ್ತಿರ ಒಂದು ಮರೆಯ ಶೌಚಾಲಯ ಮಾಡಿ, ಬಾಣಂತಿಗೆ ಚೀಲ ಹೊರಿಸಬೇಡಿ. ಹೊರಲು ಗಂಡಾಳು ಸಿಗುತ್ತಾರೆ, ಕೈಗಾಡಿ ಸಿಗುತ್ತದೆ.

ಚಿಕಿತ್ಸೆ ಏನು ಅಂತ ಕೇಳಬಹುದು. ಮೊದಲನೇ ಚಿಕಿತ್ಸೆ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ವೈದ್ಯ ಆರ್ನಾಲ್ಡ್ ಕೀಗಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರು, ಅವರ ಹೆಸರಲ್ಲೇ ಈಗಲೂ ಕರೆಯುತ್ತಾರೆ. ಗ್ಯಾಸ್ ಹೊರಗೆ ಹೋಗದ ಹಾಗೆ ತಡೆಯುವಾಗ ಒಳಗೆ ಯಾವುದು ಮೇಲಕ್ಕೆ ಎಳೆದುಕೊಳ್ಳುತ್ತದೋ ಅದೇ ಆ ಸ್ನಾಯು. ಅದನ್ನು ನಿಧಾನವಾಗಿ ಬಿಗಿ ಹಿಡಿಯಬೇಕು, ಕೆಲವು ಸೆಕೆಂಡ್ ಇಡಬೇಕು, ಪೂರ್ತಿ ಬಿಡಬೇಕು. ದಿನ ಕಳೆದ ಹಾಗೆ ಹತ್ತು ಸೆಕೆಂಡ್ ತನಕ ಹೋಗಬಹುದು. ಒಂದು ಸಲಕ್ಕೆ ಎಂಟು, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಉಸಿರು ಕಟ್ಟಬಾರದು, ಹೊಟ್ಟೆ ತೊಡೆ ಬಿಗಿ ಮಾಡಬಾರದು, ಕೆಳಕ್ಕೆ ಮುಕ್ಕಬಾರದು. ಮೂತ್ರ ಮಾಡುವಾಗ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡುವುದು ಒಳ್ಳೆಯದಲ್ಲ. ಕೆಮ್ಮು ಬರುವ ಮೊದಲು, ಚೀಲ ಎತ್ತುವ ಮೊದಲು ಒಮ್ಮೆ ಬಿಗಿ ಹಿಡಿದು, ಎತ್ತುವಾಗ ಉಸಿರು ಬಿಟ್ಟರೆ ಕುಯ್ಲಿನವರಿಗೆ ಅದೇ ದೊಡ್ಡ ಉಪಕಾರ. ಇದೆಲ್ಲ ಬರೀ ಸಮಾಧಾನದ ಮಾತಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಿಶೀಲನೆಯಲ್ಲಿ ಕೆಮ್ಮಿದರೆ ಮೂತ್ರ ಸೋರುವ ಹೆಂಗಸರನ್ನು ನೋಡಿದಾಗ, ಈ ವ್ಯಾಯಾಮ ಮಾಡಿದವರಲ್ಲಿ ನೂರಕ್ಕೆ 56 ಮಂದಿ ವಾಸಿಯಾಯಿತು ಅಂದರು, ಏನೂ ಮಾಡದವರಲ್ಲಿ ನೂರಕ್ಕೆ 6 ಮಂದಿ.

ಹಾಗಂತ ಎಲ್ಲರಿಗೂ ಇದೇ ಮದ್ದು ಅಲ್ಲ. ಕೆಲವರಲ್ಲಿ ಸ್ನಾಯು ಸಡಿಲ ಆಗಿರುವುದಿಲ್ಲ, ಬಿಡಲು ಬಾರದಷ್ಟು ಬಿಗಿಯಾಗಿರುತ್ತದೆ. ಕೂಡುವಾಗ ನೋವು, ಮೂತ್ರ ಹೊರಡಲು ಕಷ್ಟ. ಅವರು ಬಿಗಿ ಮಾಡುವ ವ್ಯಾಯಾಮ ಮಾಡಿದರೆ ನೋವು ಜಾಸ್ತಿಯಾಗಬಹುದು. ಅದಕ್ಕೇ ಒಮ್ಮೆ ಬಲ್ಲವರು ಪರೀಕ್ಷೆ ಮಾಡಿ ಕಲಿಸಬೇಕು ಅಂತ ನಾನು ಇಷ್ಟು ಒತ್ತಿ ಹೇಳುತ್ತಿರುವುದು. ಗರ್ಭಕೋಶ ಜಾರಿದವರಿಗೆ ಒಳಗಿನಿಂದ ಅದನ್ನು ತಡೆದು ಹಿಡಿಯುವ ಸಿಲಿಕೋನಿನ ಪೆಸರಿ ಉಂಗುರ ಇಡಬಹುದು, ತೆಗೆದು ತೊಳೆದು ಮತ್ತೆ ಇಟ್ಟುಕೊಳ್ಳಬಹುದು. ಮುಟ್ಟು ನಿಂತವರಿಗೆ ಡಾಕ್ಟರು ಈಸ್ಟ್ರೋಜನ್ ಕ್ರೀಮ್ ಕೊಡಬಹುದು. ಆಪರೇಷನ್ ಬೇಕಾದವರಿಗೆ ಬೇಕು, ಅದರಲ್ಲಿ ಗರ್ಭಕೋಶ ಉಳಿಸಿಕೊಳ್ಳುವ ವಿಧಾನವೂ ಇದೆ. ಜಾರಿದೆ ಅಂದ ಕೂಡಲೇ ತೆಗೆಸಿಬಿಡಿ ಅಂತ ಯಾರಾದರೂ ಅಂದರೆ, ಅಕ್ಕ ತಂಗಿಯರೇ, ಇನ್ನೊಬ್ಬ ಡಾಕ್ಟರನ್ನು ಕೇಳಿ ಮುಂದುವರಿಯಿರಿ. ಮೂತ್ರದಲ್ಲಿ ರಕ್ತ, ಮುಟ್ಟು ನಿಂತ ಮೇಲೆ ರಕ್ತ, ಮೂತ್ರ ಕಟ್ಟಿಹೋಗುವುದು, ಇವಕ್ಕೆ ಮಾತ್ರ ಒಂದು ದಿನವೂ ಕಾಯಬೇಡಿ.

ನಮ್ಮ ಹುಡುಗಿಯರ ಮಾತೂ ಒಂದಿಷ್ಟು. ಕೊಡಗಿನಲ್ಲಿ ಹಾಕಿ ಆಡದ ಮನೆ ಕಡಿಮೆ. ಕೊಡವ ಕುಟುಂಬಗಳ ನಡುವಿನ ಕೌಟುಂಬಿಕ ಹಾಕಿ 1997ರಲ್ಲಿ ಕರಡದಲ್ಲಿ ಶುರುವಾದಾಗಿನಿಂದ ಮೈದಾನಕ್ಕೆ ಬರುವ ಹೆಣ್ಣುಮಕ್ಕಳನ್ನು ನಾವೆಲ್ಲ ಹೆಮ್ಮೆಯಿಂದ ನೋಡಿದ್ದೇವೆ. ಓಡುವ, ಜಿಗಿಯುವ ಆಟಗಾರ್ತಿಯರಲ್ಲಿ ಮಕ್ಕಳಾಗದಿದ್ದರೂ ಮೂತ್ರ ಸೋರುವುದು ಇದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ತೋರಿಸಿವೆ. ಹದಿನಾರರ ಹುಡುಗಿ ಕೋಚ್ ಹತ್ತಿರ ಇದನ್ನು ಹೇಳುತ್ತಾಳಾ? ಆಟವನ್ನೇ ಬಿಡುತ್ತಾಳೆ. ಕ್ರೀಡಾ ಹಾಸ್ಟೆಲ್‌ಗಳಲ್ಲಿ ವರ್ಷಕ್ಕೊಮ್ಮೆ ಒಬ್ಬ ಲೇಡಿ ಡಾಕ್ಟರ್ ಬಂದು ಮಾತಾಡಿದರೆ ಸಾಕು.

ಇನ್ನು ನಿಮ್ಮಲ್ಲಿ ಕೇಳಿಕೊಳ್ಳುವುದು. ಆ ಎರಡು ಪ್ರಶ್ನೆಗಳನ್ನು 42ನೇ ದಿನದ ಭೇಟಿಯಲ್ಲಿ ಕೇಳಿ ತಾಯಿ ಕಾರ್ಡಿನಲ್ಲಿ ಬರೆಯಲು ಆಶಾ ಕಾರ್ಯಕರ್ತೆಯರಿಗೆ ಹೇಳಿ. ಬರೆಯಿಸಿದ ಮೇಲೆ ಕಳಿಸಲು ಒಂದು ಜಾಗ ಬೇಕಲ್ಲ, ಅದೇ ಮುಖ್ಯ. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜು ಇದೆ. ಅಲ್ಲಿಂದ ಸ್ತ್ರೀರೋಗ ತಜ್ಞರೂ ಒಬ್ಬ ಫಿಸಿಯೋಥೆರಪಿಸ್ಟೂ ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆ ತಾಲ್ಲೂಕುಗಳಿಗೆ ವಾರಕ್ಕೊಂದು ದಿನ ಬರುವ ಹಾಗೆ ಮಾಡಿ. ಪರೀಕ್ಷೆ ಮಾಡುವವರು ಹೆಂಗಸೇ ಆಗಿರಲಿ, ಬಾಗಿಲು ಹಾಕಿಕೊಳ್ಳುವ ಕೋಣೆ ಇರಲಿ. ಆ ದಿನ ಕುಯ್ಲಿನ ಕಾಲದಲ್ಲಿ ಸಂತೆಯ ದಿನ ಆದರೆ ಒಳ್ಳೆಯದು, ಕೂಲಿ ತಪ್ಪಿಸಿಕೊಂಡು ಯಾರೂ ಬರುವುದಿಲ್ಲ. ಪ್ರತಿ ತಿಂಗಳು 9ನೇ ತಾರೀಕು ಗರ್ಭಿಣಿಯರ ತಪಾಸಣೆ ನಡೆಯುತ್ತದೆ, ಅಲ್ಲಿ ಕಾಯುವ ಹೊತ್ತಿನಲ್ಲಿ ಹತ್ತು ನಿಮಿಷ ಈ ವ್ಯಾಯಾಮ ಕಲಿಸಿ. ಬಸುರಿಯಾಗಿದ್ದಾಗಲೇ ಶುರು ಮಾಡಿದರೆ ಸೋರುವುದು ಕಡಿಮೆ ಆಗುತ್ತದೆ. ಕನ್ನಡದಲ್ಲಿ ಮಾತ್ರ ಹೇಳಿದರೆ ನಮ್ಮಲ್ಲಿ ಬಹಳ ಜನಕ್ಕೆ ತಲುಪುವುದಿಲ್ಲ ಅಂತ ನಿಮಗೇ ಗೊತ್ತು. ಕೊಡವ ತಕ್ಕ್, ಅರೆಭಾಷೆ, ಎರವ, ಮಲಯಾಳ, ತಮಿಳು, ಅಸ್ಸಾಮಿ, ಇಷ್ಟರಲ್ಲೂ ಎರಡೆರಡು ನಿಮಿಷದ ಆಡಿಯೋ ಮಾಡಿಸಿ ಆಶಾ ಕಾರ್ಯಕರ್ತೆಯರ ಫೋನಿಗೆ ಕೊಡಿ. ಆಕಾಶವಾಣಿ ಮಡಿಕೇರಿಯವರನ್ನು ಕೇಳಿದರೆ ಅವರೂ ಪ್ರಸಾರ ಮಾಡಿಯಾರು.

ಎಲ್ಲ ಒಟ್ಟಿಗೆ ಆಗದಿದ್ದರೆ ಒಂದು ತಾಲ್ಲೂಕಿನಿಂದ ಶುರು ಮಾಡಿ. ಪೊನ್ನಂಪೇಟೆಯಿಂದ ಆದರೆ ನಾನೂ ನನ್ನ ಪರಿಚಯದ ಬೆಳೆಗಾರ ಹೆಂಗಸರೂ ಲೈನ್ ಮನೆಗಳಿಂದ ಜೀಪಿನಲ್ಲಿ ಜನರನ್ನು ಕರೆತರುವ ಕೆಲಸ ಮಾಡುತ್ತೇವೆ, ಅದರ ಡೀಸೆಲ್ ಖರ್ಚೂ ನಮ್ಮದೇ. ಈ ಸಲದ ಕುಯ್ಲು ಶುರುವಾಗುವ ಮೊದಲು ಮೊದಲ ದಿನ ಯಾವುದು ಅಂತ ತಿಳಿಸಿ.

ಇಂತಿ,
ಗೋಣಿಕೊಪ್ಪ ಕಡೆಯ ಒಬ್ಬ ಕಾಫಿ ಬೆಳೆಗಾರ್ತಿ, ಎರಡು ಮಕ್ಕಳ ತಾಯಿ